ಉಳಿದ ಮಾತ್ರೆಗಳು: ಎಚ್‌ಐವಿ ಮತ್ತು ಮರೆವಿನ ಒಂದು ಮಲೆನಾಡು ಪ್ರಕರಣ

ಇಲ್ಲಿ ಬರುವ ಹೆಂಗಸಿನ ವಯಸ್ಸು, ಮನೆಯವರ ವಿವರ, ತಾರೀಖುಗಳನ್ನು ಬದಲಿಸಿದ್ದೇನೆ. ಒಬ್ಬರಿಗಿಂತ ಹೆಚ್ಚು ಜನರ ಸಂಗತಿಗಳು ಇದರಲ್ಲಿ ಬೆರೆತಿವೆ. ಮಲೆನಾಡಿನಲ್ಲಿ ಮನೆಗಳು ದೂರ ದೂರ ಇದ್ದರೂ ಸುದ್ದಿ ದೂರ ಇರುವುದಿಲ್ಲ. ತೋಟದ ಗುರುತು ಹೇಳಿದರೆ ಸಾಕು, ಹೊಳೆಯಾಚೆಯವರಿಗೂ ಯಾರೆಂದು ತಿಳಿಯುತ್ತದೆ. ಈ ಪ್ರಕರಣದ ಅರ್ಧ ಕಷ್ಟ ಇದ್ದದ್ದೇ ಅಲ್ಲಿ.

ಬಂದ ಕಾರಣ

52 ವರ್ಷದ ವಿಧವೆ, ತೀರ್ಥಹಳ್ಳಿ ಕಡೆಯವರು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಾರೆ, ಅಡಿಕೆ ಸುಲಿಯುವ ಕೂಲಿ. ಗಂಡ ಕ್ಷಯದಿಂದ ತೀರಿಕೊಂಡ ಮೇಲೆ 2009ರಲ್ಲಿ ಪರೀಕ್ಷೆ ಮಾಡಿಸಿದಾಗ ಎಚ್‌ಐವಿ ಇರುವುದು ಗೊತ್ತಾಯಿತು. ಆಗ ಸಿಡಿ4 (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಎಣಿಕೆ 84, ತೀರಾ ಕಡಿಮೆ. ಜಿಡೊವುಡಿನ್, ಲಾಮಿವುಡಿನ್, ನೆವಿರಪಿನ್ ಇದ್ದ ಮಾತ್ರೆಯಿಂದ ಚಿಕಿತ್ಸೆ ಶುರುವಾಯಿತು. ಮುಂದೆ ಎಫಾವಿರೆಂಜ್ ಇರುವ ಟಿಎಲ್‌ಇಗೆ, 2021ರಲ್ಲಿ ಎಲ್ಲರ ಹಾಗೆ ಡೊಲುಟೆಗ್ರಾವಿರ್ ಇರುವ ಟಿಎಲ್‌ಡಿಗೆ ಬದಲಾಯಿತು. ಅಷ್ಟು ವರ್ಷದಲ್ಲಿ ಒಂದು ಸಲವೂ ತಾರೀಖು ತಪ್ಪಿಸಿದವರಲ್ಲ. ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಪರೀಕ್ಷೆ, ಮಾಡಿಸಿದಾಗಲೆಲ್ಲ ವೈರಸ್ ಪತ್ತೆಯಾಗಿಲ್ಲ ಎಂದೇ ವರದಿ. ಎಚ್‌ಐವಿಗೆ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಇಂಥವರ ಬಗ್ಗೆ ಯಾರೂ ಹೆಚ್ಚು ಯೋಚಿಸುವುದಿಲ್ಲ. ರೋಗಿಯ ಕೈಯಲ್ಲಿರುವ ಗ್ರೀನ್ ಬುಕ್ಕಿಗೆ ಸೀಲು ಬೀಳುತ್ತದೆ, ಮೂರು ತಿಂಗಳ ಡಬ್ಬಿ ಕೈಗೆ ಬರುತ್ತದೆ, ಬಸ್ಸಿಗೆ ಹೊತ್ತಾಯಿತು ಅಂತ ಹೊರಡುತ್ತಾರೆ.

ಈ ಸಲ ಅವರು ಕೊಟ್ಟ ತಾರೀಖಿಗೆ ಒಂದು ವಾರ ಮೊದಲೇ ಬಂದರು. ಬರಬೇಕಾದ ದಿನ ಇದೇ ಎಂದು ವಾದಿಸಿದರು. ಡಬ್ಬಿಯಲ್ಲಿ 7 ಮಾತ್ರೆ ಉಳಿದಿರಬೇಕಿತ್ತು, 26 ಇದ್ದವು. ಅಂದರೆ 83 ದಿನದಲ್ಲಿ 19 ದಿನ ಮಾತ್ರೆ ನುಂಗಿರಲಿಲ್ಲ. ರಕ್ತ ಕಳಿಸಿದೆವು, ವೈರಲ್ ಲೋಡ್ 1,860 ಬಂತು.

ಇಷ್ಟಾದರೆ ಮುಂದಿನ ದಾರಿ ಸಿದ್ಧವಾಗಿದೆ. ಲೋಡ್ 1,000 ದಾಟಿದರೆ ತಿಂಗಳು ತಿಂಗಳು ಕರೆಸಿ ಮಾತ್ರೆ ತಪ್ಪದಂತೆ ಹೆಚ್ಚಿನ ಆಪ್ತಸಮಾಲೋಚನೆ, ಮೂರು ತಿಂಗಳಾದ ಮೇಲೆ ಮತ್ತೆ ಲೋಡ್. ನಮ್ಮ ಆಪ್ತಸಮಾಲೋಚಕಿ ಅದನ್ನೇ ಶುರುಮಾಡಿದರು. ಮೊಬೈಲಿಗೆ ಅಲಾರಂ ಇಡಿಸಿಕೊಟ್ಟರು. ಮುಂದಿನ ತಿಂಗಳು ಬಂದಾಗ ಮತ್ತೆ ಮಾತ್ರೆ ಉಳಿದಿತ್ತು.

"ಅಲಾರಂ ಹೊಡೀತಾ ಅಕ್ಕಾ?"

"ಹೊಡೀತು ಮೇಡಂ. ಆಫ್ ಮಾಡ್ದೆ."

"ಆಮೇಲೆ?"

"ಆಮೇಲೆ... ತಗೊಂಡೆ ಅಂತ ಕಾಣ್ತದೆ."

ಆಪ್ತಸಮಾಲೋಚಕಿ ನನ್ನ ಕೋಣೆಗೆ ಬಂದು ಹೇಳಿದ್ದು ಇಷ್ಟು: ಈ ಅಕ್ಕನಿಗೆ ಮನಸ್ಸಿಲ್ಲ ಅಂತಲ್ಲ ಸರ್, ಅಲಾರಂ ಆರಿಸಿ ಡಬ್ಬಿ ಹತ್ತಿರ ಹೋಗುವಷ್ಟರಲ್ಲಿ ಯಾಕೆ ಎದ್ದದ್ದು ಅನ್ನೋದೇ ಹೋಗಿರುತ್ತೆ. ಈ ಪ್ರಕರಣದಲ್ಲಿ ರೋಗಪತ್ತೆ ಯಾರದು ಎಂದು ಕೇಳಿದರೆ ನಾನು ಅವರ ಹೆಸರು ಹೇಳುತ್ತೇನೆ. ಮಾತ್ರೆ ತಪ್ಪಿಸುವವರಿಗೆ ನಾವು ಕೊಡುವ ಸಲಹೆಗಳೆಲ್ಲ ಒಂದು ನಂಬಿಕೆಯ ಮೇಲೆ ನಿಂತಿವೆ: ಮನಸ್ಸು ಮಾಡಿದರೆ ಈ ವ್ಯಕ್ತಿ ನೆನಪಿಟ್ಟುಕೊಳ್ಳಬಲ್ಲರು ಎಂಬ ನಂಬಿಕೆ. ಅದೇ ಇಲ್ಲದ ಕಡೆ ಸಲಹೆಯೂ ಮರೆತುಹೋಗುವ ಪಟ್ಟಿಗೆ ಸೇರುತ್ತದೆ.

ಐದು ನಿಮಿಷದ ಪರೀಕ್ಷೆ

ಎಚ್‌ಐವಿ ಸೋಂಕಾದ ಮೊದಲ ವಾರಗಳಲ್ಲೇ ಮೆದುಳನ್ನು ತಲುಪುತ್ತದೆ. ರಕ್ತದ ಮೊನೊಸೈಟ್ ಕಣಗಳ ಜೊತೆ ಒಳನುಗ್ಗಿ, ಮೆದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾಗಳಲ್ಲಿ ಬಿಡಾರ ಹೂಡುತ್ತದೆ. ನರಕೋಶಗಳಿಗೆ ನೇರವಾಗಿ ಸೋಂಕು ತಗಲುವುದಿಲ್ಲ, ಸುತ್ತಲಿನ ಉರಿಯೂತಕ್ಕೆ ಅವು ಸೊರಗುತ್ತವೆ. ಪೆಟ್ಟು ಹೆಚ್ಚಾಗಿ ಬೀಳುವುದು ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾಕ್ಕೆ ಮತ್ತು ಅಲ್ಲಿಂದ ಹಣೆಯ ಭಾಗಕ್ಕೆ ಹೋಗುವ ದಾರಿಗಳಿಗೆ. ಆದ್ದರಿಂದ ಇದು ಮಕ್ಕಳ ಹೆಸರು ಮರೆಯುವ, ಮನೆಯ ದಾರಿ ತಪ್ಪುವ ಮರೆವಲ್ಲ. ಯೋಚನೆ ನಿಧಾನ, ಕೈ ನಿಧಾನ, ಒಂದು ಕೆಲಸದಿಂದ ಇನ್ನೊಂದಕ್ಕೆ ದಾಟುವಾಗ ತಡವರಿಕೆ, ಆಮೇಲೆ ಮಾಡಬೇಕು ಅಂದುಕೊಂಡದ್ದು ಜಾರಿಹೋಗುವುದು. ತಾರೀಖು, ಊರು, ಜಿಲ್ಲೆ ಕೇಳುವ ಎಂಎಂಎಸ್‌ಇ ಪರೀಕ್ಷೆಯಲ್ಲಿ ಇಂಥವರು ಎಷ್ಟೋ ಸಲ ಸಲೀಸಾಗಿ ಪಾಸಾಗುತ್ತಾರೆ.

ಚಿಕಿತ್ಸೆ ಶುರುವಾಗುವ ಮುಂಚೆ ಸಿಡಿ4 ಎಷ್ಟು ಕೆಳಗಿಳಿದಿತ್ತು ಎನ್ನುವುದು ಮುಂದಿನ ಅಪಾಯಕ್ಕೆ ಒಂದು ಸೂಚನೆ. ಇವರದು 84ಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ ಹೆಚ್ಚಾಗಿರುವುದು ಸಿ ಉಪಪ್ರಕಾರದ ವೈರಸ್. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಮತ್ತು ನಿಮ್ಹಾನ್ಸ್‌ನ ತಜ್ಞರು ಸೇರಿ 2004ರಲ್ಲಿ ಪ್ರಕಟಿಸಿದ ಸಂಶೋಧನೆ, ಈ ವೈರಸ್ಸಿನ ಟ್ಯಾಟ್ ಪ್ರೋಟೀನಿನಲ್ಲಿರುವ ಒಂದು ಬದಲಾವಣೆಯಿಂದ ಅದು ಮೊನೊಸೈಟ್‌ಗಳನ್ನು ಸೆಳೆಯುವ ಶಕ್ತಿ ಕಡಿಮೆ ಎಂದು ತೋರಿಸಿತು. ಇದರಿಂದ ನಮ್ಮಲ್ಲಿ ಮೆದುಳಿಗೆ ತೊಂದರೆ ಕಡಿಮೆ ಎಂಬ ಸಮಾಧಾನ ಕೆಲವರಿಗೆ ಬಂದದ್ದುಂಟು. ಕಡಿಮೆ ಅಂದರೆ ಇಲ್ಲ ಅಂತಲ್ಲ.

ಮೊದಲು ಮೂರು ಪ್ರಶ್ನೆ ಕೇಳಿದೆವು. ಪದೇ ಪದೇ ಮರೆವಾಗುತ್ತದೆಯೇ? ಯೋಚಿಸುವಾಗ, ಕೆಲಸದ ಲೆಕ್ಕ ಹಾಕುವಾಗ ಮೊದಲಿಗಿಂತ ನಿಧಾನ ಅನ್ನಿಸುತ್ತದೆಯೇ? ಒಂದರ ಮೇಲೆ ಗಮನ ನಿಲ್ಲಿಸಲು ಕಷ್ಟವೇ? ಮೂರಕ್ಕೂ "ಹಂಗೇನಿಲ್ಲ" ಎಂದರು. ಈ ಪ್ರಶ್ನೆಗಳನ್ನು ಬಳಕೆಗೆ ತಂದ ಸ್ವಿಟ್ಜರ್‌ಲೆಂಡಿನ 2010ರ ಅಧ್ಯಯನವನ್ನು ಇಲ್ಲಿ ನೆನಪಿಡಬೇಕು. ವೈರಸ್ ಹತೋಟಿಯಲ್ಲಿದ್ದವರನ್ನೇ ತೆಗೆದುಕೊಂಡು ವಿವರವಾಗಿ ಪರೀಕ್ಷಿಸಿದಾಗ, ಮರೆವಿನ ದೂರು ಹೇಳಿದವರಲ್ಲಿ 84% ಜನರಲ್ಲಿ, ಏನೂ ದೂರಿಲ್ಲ ಎಂದವರಲ್ಲೂ 64% ಜನರಲ್ಲಿ ಕೊರತೆ ಕಂಡಿತ್ತು. ಹಾಗಾಗಿ "ಹೌದು" ಅಂದರೆ ಮುಂದುವರಿಯಬೇಕು, "ಇಲ್ಲ" ಅಂದರೆ ನಿಲ್ಲಿಸಬೇಕಿಲ್ಲ. ಕೂಲಿಗೆ ಹೋಗುವವರಿಗೆ ಮರೆವು ಒಪ್ಪಿಕೊಳ್ಳುವುದೆಂದರೆ ಕೆಲಸ ಕಳೆದುಕೊಳ್ಳುವ ಮಾತು ಎನ್ನುವುದು ಬೇರೆ.

ಆಮೇಲೆ ಅಂತರರಾಷ್ಟ್ರೀಯ ಎಚ್‌ಐವಿ ಡಿಮೆನ್ಶಿಯಾ ಮಾಪನ. 2005ರಲ್ಲಿ ಅಮೆರಿಕ ಮತ್ತು ಉಗಾಂಡದಲ್ಲಿ ಒಟ್ಟಿಗೆ ಪರೀಕ್ಷಿಸಿ ರೂಪಿಸಿದ್ದು. ಓದು ಬರಹ ಬೇಕಿಲ್ಲ, ಕಾಗದ ಪೆನ್ನೂ ಬೇಕಿಲ್ಲ, ಕೈಗಡಿಯಾರ ಇದ್ದರೆ ಸಾಕು. ನಾಲ್ಕು ಪದ ಹೇಳಿ ತಿರುಗಿ ಹೇಳಿಸುತ್ತೇವೆ: ನಾಯಿ, ಟೋಪಿ, ಅವರೆಕಾಳು, ಕೆಂಪು. ಬಳಿಕ ರೂಢಿಯಿಲ್ಲದ ಕೈಯ ಹೆಬ್ಬೆರಳು ತೋರುಬೆರಳನ್ನು ಅಗಲಿಸಿ ಕೂಡಿಸಿ ಆದಷ್ಟು ಬೇಗ ತಟ್ಟಬೇಕು, 5 ಸೆಕೆಂಡು. ಆಮೇಲೆ ಮುಷ್ಟಿ, ಅಂಗೈ ಮೇಜಿಗೆ ಚಪ್ಪಟೆ, ಕಿರುಬೆರಳ ಅಂಚಿನ ಮೇಲೆ ಕೈ ನೆಟ್ಟಗೆ, ಈ ಮೂರು ಭಂಗಿಯನ್ನು ಒಂದರ ಹಿಂದೊಂದು ಮಾಡಬೇಕು, 10 ಸೆಕೆಂಡು. ಕೊನೆಗೆ ಆ ನಾಲ್ಕು ಪದ ನೆನಪಿಸಿಕೊಳ್ಳಬೇಕು. ಒಂದೊಂದು ಭಾಗಕ್ಕೆ 4ರಂತೆ ಒಟ್ಟು 12. 10 ಅಥವಾ ಕೆಳಗೆ ಬಂದರೆ ಮುಂದಿನ ತಪಾಸಣೆ.

ಬೆರಳು ತಟ್ಟಿದ್ದು 9 ಸಲ, ಅದಕ್ಕೆ 2 ಅಂಕ. ಕೈ ಭಂಗಿ ಎರಡು ಸುತ್ತು ಮುಗಿಯಿತು, ಮೂರನೆಯದರಲ್ಲಿ ಅಂಗೈಯಿಂದ ಮತ್ತೆ ಮುಷ್ಟಿಗೇ ಹೋದರು, 2 ಅಂಕ. ನಾಯಿ, ಕೆಂಪು ತಾವಾಗಿ ಹೇಳಿದರು, "ತಲೆಗೆ ಹಾಕ್ಕೊಳೋದು" ಎಂದ ಮೇಲೆ ಟೋಪಿ ಬಂತು, ಅವರೆಕಾಳು ಬರಲಿಲ್ಲ, 2.5. ಒಟ್ಟು 6.5.

ಅಂಕ ನೋಡಿದ ಕೂಡಲೇ ತೀರ್ಮಾನಕ್ಕೆ ಬರಬಾರದು. ಅವರ ಎಡಗೈ ಹೆಬ್ಬೆರಳಿಗೆ ಹಿಂದೊಮ್ಮೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ತಾಗಿ ಗಿಣ್ಣು ಬಿಗಿದಿತ್ತು. ಅದಕ್ಕೆ ಬಲಗೈಯಲ್ಲೂ ತಟ್ಟಿಸಿ ನೋಡಿದೆವು, ಅಂಕಕ್ಕಲ್ಲ, ನಮ್ಮ ತಿಳಿವಳಿಕೆಗೆ. 11 ಸಲ. ವರ್ಷಗಟ್ಟಲೆ ಅಡಿಕೆ ಸುಲಿದ ಬಲಗೈಗೂ ಅದು ನಿಧಾನವೇ. ಇನ್ನೊಂದು ಮಾತು: ಈ ಮಾಪನ ರೂಪಿಸಿದವರ ಸ್ವಂತ ವರದಿಯಲ್ಲೇ, ಉಗಾಂಡದಲ್ಲಿ ಇದು ಡಿಮೆನ್ಶಿಯಾ ಇದ್ದವರಲ್ಲಿ 80% ಜನರನ್ನು ಗುರುತಿಸಿತು, ಇಲ್ಲದವರಲ್ಲಿ ಸರಿಯಾಗಿ "ಇಲ್ಲ" ಎಂದದ್ದು 55% ಮಾತ್ರ. ಅಂದರೆ ತೊಂದರೆ ಇಲ್ಲದವರಲ್ಲೂ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಈ ಬಲೆಗೆ ಬೀಳುತ್ತಾರೆ. ನಮ್ಮಂಥ ಕಡೆ ಇದನ್ನು ಮಾಡಿ, ಕಡಿಮೆ ಅಂಕ ಬಂತೆಂದು ಕಾರ್ಡಿನಲ್ಲಿ "ಡಿಮೆನ್ಶಿಯಾ" ಎಂದು ಗೀಚಿ ಕಳಿಸುವುದು, ಪರೀಕ್ಷೆ ಮಾಡದೇ ಇರುವುದಕ್ಕಿಂತ ಕೆಟ್ಟದ್ದು.

ಜ್ವರ, ಕುತ್ತಿಗೆ ಬಿಗಿತ, ಕೈಕಾಲು ಸ್ವಾಧೀನ ತಪ್ಪುವುದು ಇರಲಿಲ್ಲ. ನಮ್ಮ ಭಾಗದಲ್ಲಿ ಮಂಗನ ಕಾಯಿಲೆಯನ್ನೂ ಕೇಳಲೇಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಕೆಲವರಲ್ಲಿ ಬಿಟ್ಟು ಎರಡನೇ ಸಲ ಬಂದಾಗ ನಡುಕ, ಗೊಂದಲ ತರುತ್ತದೆ. ಇವರಿಗೆ ಅದು ಆಗಿರಲಿಲ್ಲ. ಸಿಡಿ4 ಈಗ 395 ಇದ್ದದ್ದರಿಂದ ಟಾಕ್ಸೊಪ್ಲಾಸ್ಮಾ, ಕ್ರಿಪ್ಟೊಕಾಕಸ್‌ನಂಥವುಗಳ ಸಾಧ್ಯತೆ ಕಡಿಮೆ. ಸಿಟಿ ಸ್ಕ್ಯಾನಿನಲ್ಲಿ ಗಡ್ಡೆ, ಊತ ಕಾಣಲಿಲ್ಲ. ಸಿಫಿಲಿಸ್ ಪತ್ತೆಯ ವಿಡಿಆರ್‌ಎಲ್ ನೆಗೆಟಿವ್, ಥೈರಾಯ್ಡ್ ಸರಿ. ಖಿನ್ನತೆಯ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 11, ಮಧ್ಯಮ ಮಟ್ಟ. ಖಿನ್ನತೆಯೊಂದೇ ಯೋಚನೆಯನ್ನು ನಿಧಾನ ಮಾಡಬಲ್ಲದು, ಹಾಗಾಗಿ ಅದನ್ನೂ ಪಕ್ಕಕ್ಕಿಡುವಂತಿರಲಿಲ್ಲ.

"ಮೊದ್ಲು ಆರ್ಸಕ್ಕೂ ಕರೀತಿದ್ರು"

ಮರೆವನ್ನು ಕಾಯಿಲೆ ಎನ್ನಬೇಕಾದರೆ ಅಂಕದ ಜೊತೆ ಇನ್ನೊಂದು ಬೇಕು. ದಿನದ ಬದುಕಿನಲ್ಲಿ ಅದು ಏನನ್ನು ಕೆಡಿಸಿದೆ? ಇದಕ್ಕೆಂದೇ ಲಾಟನ್ ಮಾಪನ ಇದೆ: ಫೋನ್ ಮಾಡುವುದು, ಅಂಗಡಿಗೆ ಹೋಗುವುದು, ದುಡ್ಡು ನೋಡಿಕೊಳ್ಳುವುದು, ಮಾತ್ರೆ ತೆಗೆದುಕೊಳ್ಳುವುದು. ಇವರ ಮನೆಯಲ್ಲಿ ದುಡ್ಡು ನೋಡಿಕೊಳ್ಳುವವನು ಮಗ. ಅಂಗಡಿಗೆ ಹೋಗುವವನೂ ಅವನೇ. ಫೋನು ಬಂದರೆ ಎತ್ತುತ್ತಾರೆ, ತಾವಾಗಿ ಮಾಡುವ ರೂಢಿ ಮೊದಲಿಂದಲೂ ಇಲ್ಲ. ಅರ್ಧ ಪ್ರಶ್ನೆಗೆ "ಅದು ನಾನು ಮಾಡಲ್ಲ" ಎಂಬ ಉತ್ತರ. ಹಾಗೆ ಸಿಕ್ಕ ಅಂಕದಿಂದ ಏನೂ ತಿಳಿಯುವುದಿಲ್ಲ. ಮಾಪನ ಮಡಚಿಟ್ಟು ಅಡಿಕೆಯ ಮಾತೆತ್ತಿದೆ.

"ಈಗ ಕೆಲಸಕ್ಕೆ ಹೋಗ್ತಿದೀರಾ?"

"ಹೂಂ, ಅಡಿಕೆಗೆ."

"ಅಡಿಕೇಲಿ ಏನು ಕೆಲಸ?"

"ಸುಲಿಯೋದು."

"ಮೊದಲಿಂದಾನೂ ಸುಲಿಯೋದೇನಾ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೊದ್ಲು ಆರ್ಸಕ್ಕೂ ಕರೀತಿದ್ರು. ಈಗ ಕಣ್ಣು ಮಂಜು ಅಂತ ನಾನೇ ಹೋಗಲ್ಲ."

ಗೊತ್ತಿಲ್ಲದವರಿಗೆ ಒಂದು ವಿವರಣೆ. ಸುಲಿದು ಬೇಯಿಸಿ ಒಣಗಿಸಿದ ಅಡಿಕೆಯನ್ನು ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುತ್ತಾರೆ. ಶಿವಮೊಗ್ಗದ ಮಂಡಿಯಲ್ಲಿ ಒಂದೊಂದಕ್ಕೂ ಒಂದೊಂದು ಧಾರಣೆ, ಹಸಕ್ಕೂ ಗೊರಬಲಿಗೂ ಅಜಗಜಾಂತರ. ಆರಿಸಲು ಕೂತವರು ಬಣ್ಣ, ಗಾತ್ರ, ಆಕಾರ ಎಲ್ಲವನ್ನೂ ಒಂದೇ ನೋಟದಲ್ಲಿ ತೂಗಿ, ಕೈಯನ್ನು ನಾಲ್ಕು ರಾಶಿಗಳ ನಡುವೆ ಆಡಿಸುತ್ತಿರಬೇಕು. ಪಕ್ಕದವರ ಜೊತೆ ಹರಟೆಯೂ ನಡೆಯುತ್ತಿರಬೇಕು. ಮೆದುಳಿನ ಮುಂಭಾಗದ ಕೆಲಸವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ನಾನಂತೂ ಯಾವ ಪುಸ್ತಕದಲ್ಲೂ ನೋಡಿಲ್ಲ. ಎಲ್ಲರನ್ನೂ ಆರಿಸಲು ಕರೆಯುವುದಿಲ್ಲ. ಕರೆಯುತ್ತಿದ್ದವರನ್ನು ಕರೆಯುವುದು ಬಿಟ್ಟರೆ ಅದಕ್ಕೆ ಕಾರಣ ಇರುತ್ತದೆ.

ಕಣ್ಣು ಪರೀಕ್ಷಿಸಿದರೆ ಕನ್ನಡಕ ಹಾಕಿಕೊಂಡು ಸಣ್ಣಕ್ಷರ ಓದಿದರು. ಮಾತು ಮುಂದುವರಿಸಿದಾಗ ಇನ್ನೊಂದು ಹೊರಬಂತು. ಸ್ತ್ರೀಶಕ್ತಿ ಸಂಘದ ವಾರದ ಉಳಿತಾಯವನ್ನು ವಸೂಲಿ ಮಾಡುತ್ತಿದ್ದವರು ಇವರೇ. ಯಾರದು ಬಂತು, ಯಾರದು ಬಾಕಿ ಎನ್ನುವುದು ಪುಸ್ತಕ ನೋಡದೆ ಬಾಯಲ್ಲೇ ಇತ್ತು. "ಹುಡುಗ್ರು ಮಾಡ್ಲಿ ಅಂತ ಬಿಟ್ಟೆ." ಎರಡೂ ಬಿಟ್ಟದ್ದು ಹೆಚ್ಚುಕಡಿಮೆ ಒಂದೇ ವರ್ಷ.

ಎರಡು ಚೀಲ

ಮನೆಯಲ್ಲಿರುವ ಎಲ್ಲ ಮಾತ್ರೆಯನ್ನೂ ತರಲು ಹೇಳಿದ್ದೆವು. ಎರಡು ಬೇರೆ ಬೇರೆ ಚೀಲ ತಂದರು. ಒಂದು ನಮ್ಮದು. ಇನ್ನೊಂದು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ್ದು, ಎಂಟು ವರ್ಷದಿಂದ ಇರುವ ಶುಗರಿಗೆ ಮೆಟ್‌ಫಾರ್ಮಿನ್. ಸಕ್ಕರೆ ಕಾಯಿಲೆ ಇದೆಯೆಂದು ನಮಗೆ ಹೇಳಿದ್ದರು, ಡೋಸು ಎಷ್ಟೆಂದು ನಮ್ಮ ಕಾರ್ಡಿನಲ್ಲಿ ಇರಲಿಲ್ಲ. ಎಚ್‌ಐವಿ ಇದೆಯೆಂದು ಅಲ್ಲಿ ಹೇಳಿರಲೇ ಇಲ್ಲ. ಒಂದೇ ದೇಹಕ್ಕೆ ಎರಡು ಕಾರ್ಡು, ಒಂದು ಇನ್ನೊಂದರ ಮುಖ ನೋಡಿಲ್ಲ.

ಮೆಟ್‌ಫಾರ್ಮಿನ್ ದಿನಕ್ಕೆ 2,000 ಮಿಲಿಗ್ರಾಂ ನಡೆಯುತ್ತಿತ್ತು. ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಜೊತೆಗಿದ್ದರೆ ರಕ್ತದಲ್ಲಿ ಮೆಟ್‌ಫಾರ್ಮಿನ್ ಪ್ರಮಾಣ ಸುಮಾರು 79% ಏರುತ್ತದೆ. ಅದಕ್ಕೇ ಎರಡೂ ಒಟ್ಟಿಗಿದ್ದವರಿಗೆ ದಿನಕ್ಕೆ 1,000 ಮಿಲಿಗ್ರಾಂ ಮೀರಬಾರದು ಎನ್ನುತ್ತಾರೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ಕುಸಿಯುವುದೂ ಗೊತ್ತಿರುವ ಸಂಗತಿ. ಇವರದು 132 ಪಿಕೊಗ್ರಾಂ, ಕಡಿಮೆಯೇ. ಕೆಂಪುಕಣದ ಗಾತ್ರ ಎಂಸಿವಿ 104. ಜಿಡೊವುಡಿನ್ ನುಂಗುವವರಲ್ಲಿ ಕಣ ದೊಡ್ಡದಾಗುವುದು ಸಾಮಾನ್ಯವಾದ್ದರಿಂದ ಎಆರ್‌ಟಿ ಕೇಂದ್ರದಲ್ಲಿ ಈ ಅಂಕಿಯನ್ನು ನೋಡಿಯೂ ನೋಡದಂತೆ ದಾಟುವುದುಂಟು. ಇವರು ಅದನ್ನು ಬಿಟ್ಟು ವರ್ಷಗಳಾಗಿದ್ದವು. ಪಾದದ ಜೋಮು, ನಿಧಾನ, ಮರೆವು, ಮಂಕು ಇಷ್ಟನ್ನೂ ಬಿ12 ಕೊರತೆಯೊಂದೇ ತರಬಲ್ಲದು.

ಚೀಲದ ತಳದಲ್ಲಿ ಇನ್ನೆರಡು ಸಿಕ್ಕವು. ಕಬ್ಬಿಣದ ಮಾತ್ರೆ: ಹೊಟ್ಟೆ ಖಾಲಿಯಿದ್ದಾಗ ಟಿಎಲ್‌ಡಿ ಜೊತೆ ನುಂಗಿದರೆ ಡೊಲುಟೆಗ್ರಾವಿರ್ ಸರಿಯಾಗಿ ಮೈಗೆ ಹತ್ತುವುದಿಲ್ಲ, ಊಟದೊಟ್ಟಿಗೆ ನುಂಗಿದರೆ ಅಡ್ಡಿಯಿಲ್ಲ. ಮತ್ತೆ ಆಲ್ಪ್ರಜೋಲಾಂ, ನಿದ್ದೆಗೆಂದು ಪೇಟೆಯ ಕ್ಲಿನಿಕ್ಕೊಂದರಲ್ಲಿ ಬರೆಸಿಕೊಂಡದ್ದು. ಎಫಾವಿರೆಂಜ್ ತಲೆ ಸುತ್ತು ತರುತ್ತದೆಂದು ಟಿಎಲ್‌ಇಯನ್ನು ರಾತ್ರಿ ಮಲಗುವ ಹೊತ್ತಿಗೆ ನುಂಗಿಸುತ್ತಿದ್ದೆವು. 2021ರಲ್ಲಿ ಮಾತ್ರೆ ಬದಲಾದರೂ ಇವರ ಹೊತ್ತು ಬದಲಾಗಲಿಲ್ಲ. ಡೊಲುಟೆಗ್ರಾವಿರ್ ಕೆಲವರಿಗೆ ನಿದ್ದೆ ಕೆಡಿಸುತ್ತದೆ. ನಿದ್ದೆ ಕೆಟ್ಟಿತು, ನಿದ್ದೆಮಾತ್ರೆ ಬಂತು, ಬೆಳಗಿನ ಮಂಕು ಬಂತು.

ಇಷ್ಟೆಲ್ಲ ಸಿಕ್ಕಿದಾಗ, ಎಚ್‌ಐವಿಯಿಂದಲೇ ಮೆದುಳು ನಿಧಾನವಾಯಿತೇ ಎಂಬ ಪ್ರಶ್ನೆ ಪಟ್ಟಿಯ ಕೊನೆಗೆ ಹೋಗುತ್ತದೆ. ಅದು ಸುಳ್ಳೆಂದಲ್ಲ, ಉಳಿದವನ್ನು ಸರಿಮಾಡದೆ ಅದಕ್ಕೆ ಉತ್ತರವಿಲ್ಲ.

ಯಾರನ್ನು ಕೇಳುವುದು?

ರೋಗಿಯ ಮಾತಷ್ಟೇ ಸಾಲದು, ಜೊತೆಗಿರುವವರೊಬ್ಬರು ಏನು ಹೇಳುತ್ತಾರೆ ಕೇಳಿ ಎನ್ನುತ್ತವೆ ಎಲ್ಲ ಕೈಪಿಡಿಗಳು. ಬೇರೆ ಮರೆವಿನ ಕಾಯಿಲೆಯಲ್ಲಿ ಮಗ, ಸೊಸೆ ರೋಗಿಗಿಂತ ಮೊದಲೇ ಒಳಗೆ ಬಂದು ಹೇಳಲು ಶುರುಮಾಡಿರುತ್ತಾರೆ. ಎಚ್‌ಐವಿಯಲ್ಲಿ ರೋಗಿ ಒಬ್ಬರೇ ಬರುತ್ತಾರೆ, ಒಬ್ಬರೇ ಹೋಗುತ್ತಾರೆ.

ಇವರ ವಿಷಯ ಬಲ್ಲವಳು ಭದ್ರಾವತಿಯಲ್ಲಿರುವ ತಂಗಿ ಮಾತ್ರ. ಅವಳು ಅಕ್ಕನನ್ನು ನೋಡುವುದು ಹಬ್ಬಕ್ಕೆ, ಮದುವೆಗೆ. "ಅಕ್ಕ ಚೆನ್ನಾಗೇ ಇದಾಳಲ್ಲ ಸರ್" ಎಂದಳು. ದಿನವೂ ನೋಡುವವಳು ಸೊಸೆ, ಅವಳಿಗೆ ಗೊತ್ತಿಲ್ಲ. ಆರಿಸುವ ಕೆಲಸದಿಂದ ಯಾಕೆ ಬಿಟ್ಟರೆಂದು ಹೇಳಬಲ್ಲವರು ತೋಟದ ಮನೆಯ ಅಮ್ಮಾವ್ರು, ಅವರಿಗೆ ಗೊತ್ತಾಗಲೇಬಾರದು. ತಿಳಿದವಳಿಗೆ ಕಂಡಿಲ್ಲ, ಕಂಡವರಿಗೆ ತಿಳಿದಿಲ್ಲ.

ಸೊಸೆಯ ಮಾತೆತ್ತಿದಾಗ ಅವರ ಮುಖ ಸಪ್ಪಗಾಯಿತು. "ಗೊತ್ತಾದ್ರೆ ಮೊಮ್ಮಗೂನ್ನ ಎತ್ಕೊಳಕ್ಕೂ ಬಿಡಲ್ಲ ಡಾಕ್ಟ್ರೇ." ವೈರಸ್ ಹಾಗೆ ಹರಡುವುದಿಲ್ಲ ಎಂದು ನಾನು ವಿವರಿಸಬಹುದಿತ್ತು. ಅದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತು. ಅವರ ಹೆದರಿಕೆ ಇದ್ದದ್ದು ವೈರಸ್ಸಿಗಲ್ಲ.

2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ವ್ಯಕ್ತಿಯ ಒಪ್ಪಿಗೆಯಿಲ್ಲದೆ ಅವರ ಸೋಂಕಿನ ವಿಷಯ ಬಯಲುಮಾಡುವಂತಿಲ್ಲ. ಚಿಕಿತ್ಸೆಗೆ ಅಗತ್ಯವಿದ್ದಾಗ ಒಬ್ಬ ವೈದ್ಯ ಇನ್ನೊಬ್ಬ ವೈದ್ಯನಿಗೆ ತಿಳಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೂ ಕೇಳಿಯೇ ಮುಂದುವರಿದೆವು. ಆರೋಗ್ಯ ಕೇಂದ್ರದ ಡಾಕ್ಟರಿಗೆ ಮಾತ್ರ ಹೇಳಬಹುದು, ಸಿಸ್ಟರಿಗಾಗಲಿ ಆಶಾಗಾಗಲಿ ಬೇಡ ಎಂದು ಬರೆದುಕೊಟ್ಟರು. ಫೋನಿನಲ್ಲಿ ಮಾತಾಡಿದೆವು. ಅವರ ಕಾರ್ಡಿನಲ್ಲಿ ಮೆಟ್‌ಫಾರ್ಮಿನ್ 1,000ಕ್ಕೆ ಇಳಿಯಿತು (ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.8% ಇದ್ದದ್ದರಿಂದ ಬೇರೆ ಮಾತ್ರೆ ಸೇರಿಸಬೇಕಾಗಲಿಲ್ಲ), ಬಿ12 ಚುಚ್ಚುಮದ್ದು ಅಲ್ಲೇ ಶುರುವಾಯಿತು, ಎಚ್‌ಐವಿ ಎಂಬ ಮೂರಕ್ಷರ ಎಲ್ಲೂ ಬೀಳಲಿಲ್ಲ.

ಸೊಸೆಯ ಬಾಗಿಲು ತೆರೆದದ್ದೂ ಅದೇ ಚುಚ್ಚುಮದ್ದಿನಿಂದ. ಶುಗರಿನ ಮಾತ್ರೆಯಿಂದ ಬಿ12 ಕಡಿಮೆಯಾಗಿದೆ, ಅದರಿಂದ ಮರೆವು ಬರುತ್ತದೆ, ಮನೆಯಲ್ಲಿ ಏನಾದರೂ ಗಮನಿಸಿದ್ದೀರಾ ಎಂದು ಆರೋಗ್ಯ ಕೇಂದ್ರದ ಡಾಕ್ಟರು ಕೇಳಬಹುದಲ್ಲ? ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ರೋಗಿಯ ಮುಂದೆ ಇಟ್ಟೆವು. ಯೋಚಿಸಿ, ಮುಂದಿನ ಭೇಟಿಯಲ್ಲಿ ಒಪ್ಪಿದರು. ಸೊಸೆ ಬಂದಳು, ಕೇಳಿದ್ದಕ್ಕಿಂತ ಹೆಚ್ಚು ಹೇಳಿದಳು. ಎರಡು ವರ್ಷದಿಂದ ಅತ್ತೆ ಮಂಕು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತದೆ. ಒಲೆ ಮೇಲೆ ಹಾಲಿಟ್ಟು ಅಂಗಳಕ್ಕೆ ಹೋದರೆ ಹೋದರೇ. ರಾತ್ರಿ ಎದ್ದು ಕೂತಿರುತ್ತಾರೆ, ಬೆಳಿಗ್ಗೆ ಎರಡು ಸಲ ಕರೆದ ಮೇಲೆ ಓ ಎನ್ನುತ್ತಾರೆ. ದಾರಿ ತಪ್ಪಿಲ್ಲ, ಜನರ ಗುರುತು ತಪ್ಪಿಲ್ಲ. ಕೊನೆಗೆ ಅವಳೇ ಕೇಳಿದಳಂತೆ: "ನಾನು ಏನಾದ್ರೂ ಅಂದಿದ್ದಕ್ಕೆ ಹೀಗಾದ್ರಾ ಅಂತ ಅಂದ್ಕೊಂಡಿದ್ದೆ, ಕಾಯ್ಲೇನಾ ಇದು?"

ಪೂರ್ತಿ ಹೇಳದೆ ಹೀಗೆ ಸಹಾಯ ಪಡೆಯುವುದು ಸರಿಯೇ ಎಂದು ನಮ್ಮಲ್ಲೇ ಚರ್ಚೆಯಾಯಿತು. ನನ್ನ ಅಭಿಪ್ರಾಯ ಹೇಳುತ್ತೇನೆ: ಸೊಸೆಗೆ ತಿಳಿಯಬೇಕಾದದ್ದು ಅತ್ತೆಯ ಮರೆವು, ಅದು ಅವಳಿಗೆ ತಿಳಿಯಿತು. ಉಳಿದದ್ದು ಅತ್ತೆಯ ಆಸ್ತಿ. ಯಾವಾಗ, ಯಾರಿಗೆ ಎಂದು ಅವರೇ ನಿರ್ಧರಿಸಲಿ. ಇದರಲ್ಲಿ ನನಗೆ ಪೂರ್ತಿ ಸಮಾಧಾನವಿದೆ ಎಂದೇನೂ ಅಲ್ಲ.

ವಾರದ ಡಬ್ಬಿ

ಟಿಎಲ್‌ಡಿಯನ್ನು ರಾತ್ರಿಯಿಂದ ಬೆಳಗಿನ ತಿಂಡಿಯ ಹೊತ್ತಿಗೆ ತಂದೆವು. ನಿದ್ದೆ ಸುಧಾರಿಸಲೆಂದು ಮಾಡಿದ್ದು, ಇನ್ನೊಂದು ಲಾಭವೂ ಆಯಿತು. ಬೆಳಿಗ್ಗೆ ಶುಗರ್ ಮಾತ್ರೆ ನೆನಪಿಸುವ ಕೆಲಸವನ್ನು ಸೊಸೆ ತಾನಾಗಿ ವಹಿಸಿಕೊಂಡಳು. ಏಳು ಮನೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎಲ್ಲ ಮಾತ್ರೆ ಒಟ್ಟಿಗಿದ್ದರೆ ಯಾವುದು ಯಾವುದೆಂದು ಕೇಳುವವರಿಲ್ಲ. ಒಂದು ವಾರದ್ದನ್ನಷ್ಟೇ ತುಂಬಿ, ಉಳಿದದ್ದನ್ನು ತೇವ ಹೀರುವ ಪೊಟ್ಟಣದ ಸಮೇತ ಮೂಲ ಡಬ್ಬಿಯಲ್ಲೇ ಬಿಗಿಯಾಗಿ ಮುಚ್ಚಿಡಲು ಹೇಳಿದೆವು. ಆಷಾಢದ ತೀರ್ಥಹಳ್ಳಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಮಾತ್ರೆ ಬಿಟ್ಟೀತೇ?

ಡಬ್ಬಿ ತುಂಬುವುದೂ ಒಂದು ಪರೀಕ್ಷೆಯೇ. ಆಪ್ತಸಮಾಲೋಚಕಿ ಅವರ ಕೈಯಲ್ಲೇ ತುಂಬಿಸಿ ನೋಡಿದರು. ಮೊದಲ ಸಲ ಬುಧವಾರದ ಮನೆಯಲ್ಲಿ ಎರಡು ಟಿಎಲ್‌ಡಿ, ಗುರುವಾರ ಖಾಲಿ. ಒಂದೊಂದು ಬಗೆಯನ್ನು ಏಳೂ ಮನೆಗೆ ಹಾಕಿ ಮುಗಿಸಿ ಆಮೇಲೆ ಮುಂದಿನದು ಎಂಬ ಕ್ರಮ ಹೇಳಿಕೊಟ್ಟ ಮೇಲೆ ತಪ್ಪಲಿಲ್ಲ. ಭಾನುವಾರ ಸಂಜೆ ತಂಗಿ ಫೋನ್ ಮಾಡಿ "ಡಬ್ಬಿ ಆಯ್ತಾ?" ಎಂದು ಕೇಳುತ್ತಾಳೆ, ಅಷ್ಟೇ. ಆಲ್ಪ್ರಜೋಲಾಂ ಒಮ್ಮೆಲೇ ನಿಲ್ಲಿಸದೆ ವಾರಗಳಲ್ಲಿ ಇಳಿಸಿದೆವು. ಖಿನ್ನತೆಗೆ, ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋವೈದ್ಯರು ನೋಡಿದರು, ಸದ್ಯಕ್ಕೆ ಮಾತ್ರೆ ಬೇಡ ಎಂದರು.

ಮೂರು ತಿಂಗಳಿಗೆ ವೈರಲ್ ಲೋಡ್ ಮತ್ತೆ ಪತ್ತೆಯಾಗದ ಮಟ್ಟಕ್ಕೆ ಇಳಿಯಿತು. ಪಿಎಚ್‌ಕ್ಯೂ-9ರಲ್ಲಿ 6. ಮಾಪನದಲ್ಲಿ 9: ಬೆರಳಿಗೆ 3, ಕೈ ಭಂಗಿಗೆ 3, ನೆನಪಿಗೆ 3. ಅವೇ ಪದ, ಅವೇ ಭಂಗಿ ಎರಡನೇ ಸಲ ಮಾಡಿದ್ದರಿಂದ ಸ್ವಲ್ಪ ಅಭ್ಯಾಸಬಲವೂ ಇದ್ದೀತು. ಏನೇ ಇರಲಿ, 9 ಎಂದರೆ ಗೆರೆಯ ಕೆಳಗೇ.

ಉಳಿದದ್ದನ್ನು ಅಳೆಯಲು ನಿಮ್ಹಾನ್ಸ್‌ಗೆ ಕಳಿಸಿದೆವು. ತಂಗಿ ಜೊತೆಗೆ ಹೋದಳು. 2004ರಲ್ಲಿ ಅಲ್ಲಿ ಸಿದ್ಧವಾದ ನರಮನೋವೈಜ್ಞಾನಿಕ ಪರೀಕ್ಷಾಸರಣಿಯ ಗುಣವೆಂದರೆ, ವಯಸ್ಸು, ಲಿಂಗ, ಓದಿಗೆ ತಕ್ಕಂತೆ ಬೇರೆ ಬೇರೆ ಹೋಲಿಕೆಯ ಅಂಕಿಗಳಿವೆ, ಶಾಲೆ ಕಾಣದವರಿಗೂ ಇವೆ. ನಾಲ್ಕನೇ ಕ್ಲಾಸಿನವರನ್ನು ಪದವೀಧರರ ಅಳತೆಗೋಲಿನಲ್ಲಿ ಅಳೆದರೆ ಎಲ್ಲರೂ ರೋಗಿಗಳೇ. ವರದಿಯಲ್ಲಿ ಯೋಚನೆಯ ವೇಗ ಮತ್ತು ಯೋಜಿಸುವ, ಬದಲಿಸುವ ಶಕ್ತಿ, ಈ ಎರಡು ಸರಾಸರಿಗಿಂತ ಒಂದು ಪ್ರಮಾಣವಿಚಲನೆಗೂ (ಸರಾಸರಿಯ ಸುತ್ತ ಸಾಮಾನ್ಯವಾಗಿ ಕಾಣುವ ಏರಿಳಿತದ ಅಳತೆ) ಕೆಳಗೆ. ಭಾಷೆ, ನೆನಪು ಅವರ ವಯಸ್ಸಿಗೆ ಸರಿ.

2007ರ ಫ್ರಾಸ್ಕಾಟಿ ಮಾನದಂಡದ ಪ್ರಕಾರ ಎರಡು ವಿಭಾಗದಲ್ಲಿ ಕೊರತೆ, ದಿನದ ಬದುಕಿಗೆ ಅಲ್ಪಸ್ವಲ್ಪ ತೊಡಕು ಇದ್ದರೆ ಎಚ್‌ಐವಿ ಸಂಬಂಧಿತ ಸೌಮ್ಯ ಅರಿವಿನ ತೊಂದರೆ ಎಂದು ಬರೆಯಬಹುದು. ಬರೆಯಲು ನನ್ನ ಕೈ ಬರಲಿಲ್ಲ. ಪರೀಕ್ಷೆಯ ಅಂಕ ಕಡಿಮೆ ಬಂದಷ್ಟಕ್ಕೇ ಕಾಯಿಲೆಯ ಹೆಸರು ಅಂಟಿಸಬೇಡಿ, ಎಚ್‌ಐವಿ ಇದ್ದವರ ಮರೆವಿಗೆಲ್ಲ ಎಚ್‌ಐವಿಯೇ ಕಾರಣವೆಂದುಕೊಳ್ಳಬೇಡಿ ಎಂದು 2023ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಶಿಫಾರಸು ಮಾಡಿತು. ಇವರಲ್ಲಿ ಸಕ್ಕರೆ ಕಾಯಿಲೆ, ವರ್ಷಗಳ ಬಿ12 ಕೊರತೆ, ಹಿಂದಿನ 84ರ ಸಿಡಿ4, ಎಲ್ಲದರ ಪಾಲೂ ಇರಬಹುದು. ಬೆನ್ನುನೀರು ತೆಗೆದು ಮೆದುಳಿನಲ್ಲಿ ಮಾತ್ರ ವೈರಸ್ ಬೆಳೆಯುತ್ತಿದೆಯೇ ಎಂದು ನೋಡುವ ದಾರಿಯಿದೆ. ರಕ್ತದಲ್ಲಿ ವೈರಸ್ ಇಲ್ಲದೆಯೂ ಮರೆವು ಹೆಚ್ಚುತ್ತಾ ಹೋದರೆ ಅದು ಬೇಕೇ ಬೇಕು. ಇವರು ಸುಧಾರಿಸುತ್ತಿದ್ದರು, ಮಾಡಿಸಲಿಲ್ಲ.

ನಮ್ಮ ಕೇಂದ್ರದಲ್ಲೇ ಇರುವ ಅವರ ವೈಟ್ ಕಾರ್ಡಿನಲ್ಲಿ ಬರೆದದ್ದು ಹೀಗಿದೆ: "ಯೋಚನೆಯ ವೇಗ ಕಡಿಮೆ, ಹಲವು ಕಾರಣ. ಬಿ12 ಮುಂದುವರಿಸಿ. ಮೆಟ್‌ಫಾರ್ಮಿನ್ 1,000 ಮೀರಬಾರದು. ನಿದ್ದೆಮಾತ್ರೆ ಬೇಡ. ಹೇಳಿದ್ದನ್ನು ತಿರುಗಿ ಹೇಳಿಸಿ ಕಳಿಸಿ. ಆರು ತಿಂಗಳಿಗೆ ಮಾಪನ. ಲೋಡ್ ಇಲ್ಲದೆ ಅಂಕ ಇಳಿದರೆ ಎಂಆರ್‌ಐ, ಬೆನ್ನುನೀರು. ಮನೆಗೆ ಫೋನ್ ಮಾಡಬಾರದು, ತಂಗಿಯ ನಂಬರಿಗೆ ಮಾತ್ರ."

ಆ ಸುಗ್ಗಿಯಲ್ಲಿ ಅವರನ್ನು ಆರಿಸಲು ಕರೆಯಲಿಲ್ಲ. ಸುಲಿಯಲು ಹೋಗುತ್ತಿದ್ದಾರೆ. ಸಂಘದ ವಸೂಲಿಯನ್ನು ಮತ್ತೆ ವಹಿಸಿಕೊಳ್ಳುತ್ತೀರಾ ಎಂದರೆ ಬೇಡ ಎನ್ನುತ್ತಾರೆ. ಕಳೆದ ಭೇಟಿಯಲ್ಲಿ ಡಬ್ಬಿಯಲ್ಲಿ ಇರಬೇಕಾದಷ್ಟೇ ಮಾತ್ರೆ ಇತ್ತು. ಸೊಸೆಗೆ ಇನ್ನೂ ಹೇಳಿಲ್ಲ. ಹೇಳುವ ಯೋಚನೆ ಇದೆಯಾ ಎಂದು ಆಪ್ತಸಮಾಲೋಚಕಿ ಪ್ರತಿ ಸಲ ಕೇಳುತ್ತಾರೆ, "ನೋಡಣ ಮೇಡಂ" ಎಂಬ ಉತ್ತರವನ್ನು ತಾರೀಖಿನ ಸಮೇತ ಬರೆದಿಡುತ್ತಾರೆ.